ವೋಟ್‌ವ್ಯೂ ಜಾಲತಾಣ: ಕ್ರೂಜ್ ತೂಕಕ್ಕೆ ಸಿಗುತ್ತಾರೆ, ಟ್ರಂಪ್ ಸಿಗುವುದಿಲ್ಲ

ಸಿದ್ಧಾಂತ ಬಿಟ್ಟು ಕದಲದ ರಾಜಕಾರಣಿ ಒಂದು ಕಡೆ, ಜನಸ್ತೋಮ ನೋಡಿ ಮಾತು ಬದಲಿಸುವ ನಾಯಕ ಇನ್ನೊಂದು ಕಡೆ. 2016ರಲ್ಲಿ ಪಕ್ಷದ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವಾಗ ಅಮೆರಿಕದ ರಿಪಬ್ಲಿಕನ್ ಮತದಾರರ ಮುಂದಿದ್ದ ಆಯ್ಕೆ ಹೆಚ್ಚುಕಡಿಮೆ ಇದೇ. ಸೆನೆಟರ್ ಟೆಡ್ ಕ್ರೂಜ್ ಫೆಬ್ರುವರಿ 1ರಂದು ಅಯೋವಾ ರಾಜ್ಯ ಗೆದ್ದರು. ಮೇ 3ರಂದು ಇಂಡಿಯಾನಾದಲ್ಲಿ ಡೊನಾಲ್ಡ್ ಟ್ರಂಪ್ ಎದುರು ಸೋತು ಕಣ ಬಿಟ್ಟರು. ಇಂಥ ಇಬ್ಬರನ್ನು ಭಾಷಣ ಬದಿಗಿಟ್ಟು ದಾಖಲೆಯಿಂದ ಅಳೆಯಬೇಕು ಎನ್ನುವವರಿಗೆ ವೋಟ್‌ವ್ಯೂ ಒಳ್ಳೆಯ ಉಚಿತ ಸೇವೆ. ನಡೆಸುತ್ತಿರುವುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್. 1789ರ ಮೊದಲ ಕಾಂಗ್ರೆಸ್‌ನಿಂದ (ಅಲ್ಲಿನ ಸಂಸತ್ತಿಗೆ ಈ ಹೆಸರು) ಇಂದಿನವರೆಗೆ ಎರಡೂ ಸದನಗಳಲ್ಲಿ ಹೆಸರು ಹಿಡಿದು ದಾಖಲಾದ ಮತಗಳೆಲ್ಲ ಇಲ್ಲಿವೆ.

ಬಳಸುವುದು ಸುಲಭ. ಹುಡುಕಾಟದ ಚೌಕದಲ್ಲಿ ಸದಸ್ಯರ ಹೆಸರು ಹಾಕಿದರೆ ಅವರ ಪುಟ ತೆರೆಯುತ್ತದೆ. ಅಲ್ಲಿ ಕಾಣುವ ಅಂಕ ಮೈನಸ್ 1ರಿಂದ ಪ್ಲಸ್ 1ರ ನಡುವೆ ಇರುತ್ತದೆ. ಮೈನಸ್ ಎಂದರೆ ಎಡ, ಪ್ಲಸ್ ಎಂದರೆ ಬಲ. ಕ್ರೂಜ್ ಅಂಕ 0.8ರ ಆಸುಪಾಸು, ಅಂದರೆ ಬಲಗಡೆಯ ಅಂಚು. ಕೀತ್ ಪೂಲ್ ಮತ್ತು ಹೊವರ್ಡ್ ರೋಸೆಂತಾಲ್ ರೂಪಿಸಿದ, ನಾಮಿನೇಟ್ ಎಂಬ ಹೆಸರಿನ ಈ ಲೆಕ್ಕ ಮಸೂದೆಯಲ್ಲಿ ಏನು ಬರೆದಿದೆ ಎಂದು ಓದುವುದಿಲ್ಲ. ಯಾರು ಯಾರ ಜೊತೆಗೂಡಿ ಮತ ಹಾಕುತ್ತಾರೆ ಎಂಬುದಷ್ಟನ್ನೇ ನೋಡುತ್ತದೆ. ಬಹುತೇಕ ಎಲ್ಲರೂ ಒಂದೇ ಕಡೆ ನಿಂತ ಮತಗಳನ್ನು ಲೆಕ್ಕದಿಂದ ಕೈಬಿಡುತ್ತದೆ.

ಕ್ರೂಜ್ ವಿಷಯದಲ್ಲಿ ಈ ತಕ್ಕಡಿ ಎಷ್ಟು ನಂಬಿಕಸ್ಥ ಎಂದು ನೋಡಲು 2013 ಸಾಕು. ಆ ವರ್ಷ ಜನವರಿಯಲ್ಲಿ ಸೆನೆಟ್‌ಗೆ ಬಂದ ಅವರು ಸೆಪ್ಟೆಂಬರ್ 24ರಿಂದ 25ರವರೆಗೆ ಒಬಾಮಾ ಆರೋಗ್ಯ ಕಾನೂನಿನ ವಿರುದ್ಧ 21 ಗಂಟೆಗೂ ಹೆಚ್ಚು ಹೊತ್ತು ಮಾತನಾಡಿದರು. ಅಕ್ಟೋಬರ್ 1ರಿಂದ 16 ದಿನ ಶಟ್‌ಡೌನ್ ಆಯಿತು, ಅಂದರೆ ಖರ್ಚಿಗೆ ಮಂಜೂರಾತಿ ಸಿಗದೆ ಸರ್ಕಾರಿ ಕಚೇರಿಗಳು ಮುಚ್ಚಿದವು. ಕಚೇರಿಗಳನ್ನು ಮತ್ತೆ ತೆರೆಸುವ ಮಸೂದೆ 16ರಂದು 81-18ರಲ್ಲಿ ಪಾಸಾಯಿತು. ಕ್ರೂಜ್ ಆ 18ರಲ್ಲಿ ಒಬ್ಬರು. ಇದನ್ನು ಮೆಚ್ಚಬಹುದು, ಖಂಡಿಸಬಹುದು. ಆದರೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರೆ ಏನಾಗಬಹುದು ಎಂದು ಮತದಾರನಿಗೆ ಮೊದಲೇ ತಿಳಿದಿರುತ್ತದೆ. ನಾಯಕನನ್ನು ಆರಿಸುವಾಗ ಇದು ಸಣ್ಣ ಅನುಕೂಲವಲ್ಲ.

ಟ್ರಂಪ್ ವಿಷಯಕ್ಕೆ ಬಂದರೆ ಈ ಸೇವೆ ಕೈಕೊಡುತ್ತದೆ. 2016ರಲ್ಲಿ ಅವರು ಯಾವ ಸದನದಲ್ಲೂ ಒಂದೇ ಒಂದು ಮತ ಹಾಕಿದವರಲ್ಲ. ಅಧ್ಯಕ್ಷರಾದ ಮೇಲೂ, ಮಸೂದೆಗಳ ಬಗ್ಗೆ ಅಧ್ಯಕ್ಷರು ಬಹಿರಂಗವಾಗಿ ತಳೆದ ನಿಲುವುಗಳನ್ನೇ ಮತವೆಂದು ಎಣಿಸಿ ಅಂಕ ಕೊಡುತ್ತಾರೆ. ನಿಲುವು ಬದಲಾದರೆ? 2018ರ ಡಿಸೆಂಬರ್ 19ರಂದು ಸೆನೆಟ್ ತಾತ್ಕಾಲಿಕ ಖರ್ಚಿನ ಮಸೂದೆಯನ್ನು ಧ್ವನಿಮತದಿಂದ ಪಾಸು ಮಾಡಿತು. ಗಡಿಗೋಡೆಗೆ ಹಣವಿಲ್ಲದ ಆ ಮಸೂದೆಗೆ ಸಹಿ ಹಾಕುವುದಿಲ್ಲ ಎಂಬ ಟ್ರಂಪ್ ನಿಲುವು ಮರುದಿನ ಹೊರಬಿತ್ತು. 22ರಿಂದ ಶುರುವಾದ ಶಟ್‌ಡೌನ್ 35 ದಿನ ನಡೆಯಿತು. ಧ್ವನಿಮತಕ್ಕೆ ಹೆಸರುಗಳ ಪಟ್ಟಿ ಇರುವುದಿಲ್ಲವಾದ್ದರಿಂದ ಸೆನೆಟ್‌ನ ಆ ತೀರ್ಮಾನ ವೋಟ್‌ವ್ಯೂನಲ್ಲಿ ಕಾಣುವುದೇ ಇಲ್ಲ. ಹೀಗೆ ಇಬ್ಬರ ಹೆಸರಿಗೂ ಶಟ್‌ಡೌನ್ ಅಂಟಿಕೊಂಡಿದೆ. 2013ರದರ ಸುಳಿವು ದಾಖಲೆಯಲ್ಲಿತ್ತು, 2018ರದರ ಸುಳಿವು ಅಲ್ಲಿರಲಿಲ್ಲ.

ಹಾಗೆಂದು ಬಾಗುವ ಗುಣ ಬರೀ ಕೆಡುಕಲ್ಲ. ಶಿಕ್ಷೆಯ ಅವಧಿ ತಗ್ಗಿಸುವ ಫಸ್ಟ್ ಸ್ಟೆಪ್ ಕಾಯ್ದೆಗೆ ಟ್ರಂಪ್ ಸಹಿ ಹಾಕಿದ್ದೂ ಅದೇ ಡಿಸೆಂಬರ್‌ನಲ್ಲಿ. ಸೆನೆಟ್‌ನಲ್ಲಿ 87-12, ಆ 12 ವಿರೋಧ ಮತಗಳೂ ಅವರದೇ ಪಕ್ಷದವು.

ಇನ್ನೊಂದು ದೋಷ ತಕ್ಕಡಿಯ ಒಳಗೇ ಇದೆ. ಮುಖ್ಯ ಅಂಕ ಒಬ್ಬ ಸದಸ್ಯನ ಇಡೀ ವೃತ್ತಿಗೆ ಒಂದೇ; ಮನುಷ್ಯ ಬದಲಾಗುವುದಿಲ್ಲ ಎಂದೇ ಅದು ನಂಬಿಕೊಂಡಿದೆ. ಪಕ್ಷ ಬದಲಿಸಿದವರಿಗೆ ಮಾತ್ರ ಹೊಸ ಗುರುತು ಸಂಖ್ಯೆ, ಅದರ ಜೊತೆ ಹೊಸ ಅಂಕ ಸಿಗುತ್ತದೆ. ಬದಲಾವಣೆ ಕಾಣಬೇಕಿದ್ದರೆ ದತ್ತಾಂಶ ಪುಟದಿಂದ ಸದಸ್ಯರ ಸಿಎಸ್‌ವಿ (ಕೋಷ್ಟಕ ರೂಪದ) ಕಡತ ಇಳಿಸಿಕೊಂಡು, ನಾಮಿನೇಟ್ ಕಾಲಂ ಬಿಟ್ಟು ನಾಕ್ಕನ್-ಪೂಲ್ ಕಾಲಂ ನೋಡಿ. ಅದು ಪ್ರತಿ ಕಾಂಗ್ರೆಸ್‌ಗೂ, ಅಂದರೆ ಪ್ರತಿ ಎರಡು ವರ್ಷದ ಅವಧಿಗೂ, ಬೇರೆ ಅಂಕ ಕೊಡುತ್ತದೆ. ಎಡ-ಬಲದ ಎರಡು ತುದಿಗಳು ಒಂದೇ ಮಸೂದೆಯನ್ನು ಬೇರೆ ಬೇರೆ ಕಾರಣಕ್ಕೆ ವಿರೋಧಿಸಿದಾಗಲೂ ಲೆಕ್ಕ ಎಡವುತ್ತದೆ. 2021ರ ನವೆಂಬರ್ 5ರ ಮೂಲಸೌಕರ್ಯ ಮಸೂದೆಯನ್ನು ಒಕಾಸಿಯೊ-ಕಾರ್ಟೆಜ್ ಸೇರಿ ಆರು ಎಡಪಂಥೀಯ ಡೆಮಾಕ್ರಾಟರು ವಿರೋಧಿಸಿದರು. ಅಂಥ ಮತಗಳು ಅವರನ್ನು ಅಂಕಪಟ್ಟಿಯಲ್ಲಿ ನಡುವಿನತ್ತ ಎಳೆಯುತ್ತವೆ, ವಾಸ್ತವದಲ್ಲಿ ಅವರು ಅಲ್ಲಿಲ್ಲ.

ಮತಗಳ ಕಡತ ತೆರೆಯುವವರು ಸಂಕೇತಗಳನ್ನು ಮೊದಲು ತಿಳಿದುಕೊಳ್ಳಿ: 1ರಿಂದ 3 ಪರ, 4ರಿಂದ 6 ವಿರೋಧ, 7 ಮತ್ತು 8 ಹಾಜರಿದ್ದೂ ಪಕ್ಷ ವಹಿಸದವರು, 9 ಎಂದರೆ ಮತ ಹಾಕಿಲ್ಲ. 9ನ್ನು ವಿರೋಧವೆಂದು ಎಣಿಸುವುದು ಹೊಸಬರ ಸಾಮಾನ್ಯ ತಪ್ಪು. ಪ್ರಚಾರದಲ್ಲಿದ್ದ 2015-16ರಲ್ಲಿ ಕ್ರೂಜ್ ಹೆಸರಿನ ಮುಂದೆ 9 ಬಹಳ ಸಲ ಬರುತ್ತದೆ.

ಗವ್‌ಟ್ರ್ಯಾಕ್ ಎಂಬ ಇನ್ನೊಂದು ತಾಣದ ಸಿದ್ಧಾಂತದ ಅಂಕ, ಮಸೂದೆಗಳಿಗೆ ಯಾರು ಸಹ-ಪ್ರಾಯೋಜಕರಾದರು ಎಂಬುದನ್ನು ಆಧರಿಸಿದೆ. ಸದಸ್ಯರಿಗೆ ಸರಿ, ಅಧ್ಯಕ್ಷರಿಗೆ ಉಪಯೋಗವಿಲ್ಲ.

ಇದೇ ತಕ್ಕಡಿಯನ್ನು ನಮ್ಮ ಲೋಕಸಭೆಗೆ ತರಲು ಹೋಗಬೇಡಿ. ಇಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. 1985ರ ಪಕ್ಷಾಂತರ ನಿಷೇಧ ಕಾನೂನಿನಿಂದಾಗಿ ವಿಪ್ ಮೀರಿದವರು ಸ್ಥಾನ ಕಳೆದುಕೊಳ್ಳಬೇಕಾಗುತ್ತದೆ, ಹೀಗಾಗಿ ಮತ ನೋಡಿ ಸಂಸದರ ಮನಸ್ಸು ತಿಳಿಯದು. ಕರ್ನಾಟಕದ ಸಂಸದರ ಬಗ್ಗೆ ಹಾಜರಾತಿ, ಪ್ರಶ್ನೆ, ಚರ್ಚೆಗಳ ಲೆಕ್ಕ ಬೇಕಿದ್ದರೆ ಪಿಆರ್‌ಎಸ್ ಸಂಸ್ಥೆಯ ಎಂಪಿ ಟ್ರ್ಯಾಕ್ ಇದೆ.

ಟ್ರಂಪ್‌ರಂಥವರಿಗೆ ವೋಟ್‌ವ್ಯೂ ಜೊತೆ ಸಾಂತಾ ಬಾರ್ಬರಾ ಕ್ಯಾಂಪಸ್ಸಿನ ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್ ತಾಣವನ್ನೂ ತೆರೆದಿಟ್ಟುಕೊಳ್ಳಿ. ಭಾಷಣ, ಹೇಳಿಕೆ, ಆದೇಶಗಳು ತಾರೀಕಿನ ಸಮೇತ ಸಿಗುತ್ತವೆ. ಒಂದೇ ವಿಷಯ ಆರಿಸಿ. ಚುನಾವಣೆಗೆ ಮುಂಚಿನ ಒಂದು ಮಾತು, ಅಧಿಕಾರಕ್ಕೆ ಬಂದ ಮೇಲಿನ ಒಂದು ಮಾತು, ಸಹಿ ಬಿದ್ದ ಒಂದು ಆದೇಶ, ಮೂರನ್ನೂ ತಾರೀಕಿನ ಕ್ರಮದಲ್ಲಿ ಬರೆದುಕೊಳ್ಳಿ. ವಲಸೆ, ಸುಂಕ, ಆರೋಗ್ಯ ವಿಮೆ ಈ ಮೂರಕ್ಕೆ ಹೀಗೆ ಮಾಡಲು ಒಂದು ಭಾನುವಾರ ಹಿಡಿಯುತ್ತದೆ. ಕ್ರೂಜ್‌ಗಾದರೆ ಅವರ ಪುಟ ತೆರೆದು ಹತ್ತು ನಿಮಿಷ ಕೂತರೆ ಆಯಿತು.