ಉಬುಂಟು 24.04ರ ಎನ್‌ವಿಡಿಯಾ ಡ್ರೈವರ್ ಪ್ಯಾಕೇಜ್: ಹಾಕುವುದು ಸುಲಭ, ಉಳಿಸಿಕೊಳ್ಳುವುದರಲ್ಲಿದೆ ಕೆಲಸ

ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬಂದವರ ಕೈ ಮೊದಲು ಹೋಗುವುದು ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾದ ಸೈಟಿನ ಡೌನ್‌ಲೋಡ್ ಬಟನ್ ಮೇಲೆ. ಅಲ್ಲಿ ಸಿಗುವ ‘ಡಾಟ್ ರನ್’ ಫೈಲ್‌ನಲ್ಲೂ ಉಬುಂಟು ತಾನೇ ಕೊಡುವ ಪ್ಯಾಕೇಜ್‌ನಲ್ಲೂ ಇರುವುದು ಅದೇ ಕಂಪನಿಯ ಅದೇ ಡ್ರೈವರ್. ಒಂದೇ ಆವೃತ್ತಿಯಾದರೆ ಆಟದ ವೇಗದಲ್ಲಾಗಲಿ ಬ್ಲೆಂಡರ್ ರೆಂಡರಿನಲ್ಲಾಗಲಿ ಎರಡಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಗೊತ್ತಾಗುವುದು ಕೆಲವು ವಾರ ಕಳೆದು ಕರ್ನಲ್ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಂ) ಅಪ್‌ಡೇಟ್ ಆದ ಮೇಲೆ. ಒಂದು ಯಂತ್ರದಲ್ಲಿ ಎಂದಿನಂತೆ ಲಾಗಿನ್ ಪರದೆ ಬರುತ್ತದೆ, ಇನ್ನೊಂದರಲ್ಲಿ ಬರೀ ಕಪ್ಪು. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಉಬುಂಟು 24.04ರ ಪ್ಯಾಕೇಜ್. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಡ್ರೈವರ್ ಅನ್ನುವುದು ಇಲ್ಲಿ ಎರಡು ತುಂಡು. ಒಂದು ಕರ್ನಲ್ ಒಳಗೆ ಹೋಗಿ ಕೂರುವ ಮಾಡ್ಯೂಲ್. ಇನ್ನೊಂದು, ಆಟ, ಲೆಕ್ಕಾಚಾರದ ಪ್ರೋಗ್ರಾಂಗಳು ಕಾರ್ಡ್ ಬಳಸಲು ಬೇಕಾದ ಓಪನ್‌ಜಿಎಲ್, ವಲ್ಕನ್, ಕ್ಯೂಡಾ ಇವೆಲ್ಲ ಇರುವ ಲೈಬ್ರರಿಗಳ ಗಂಟು. ಮಾಡ್ಯೂಲ್ ಈಗ ಓಡುತ್ತಿರುವ ಕರ್ನಲ್‌ಗೆಂದೇ ಕಟ್ಟಿದ್ದಾಗಿರಬೇಕು, ಎರಡು ತುಂಡುಗಳ ಆವೃತ್ತಿ ಸಂಖ್ಯೆ ಕೊನೆಯ ಅಂಕಿಯವರೆಗೂ ತಾಳೆಯಾಗಬೇಕು. ಎಎಂಡಿ, ಇಂಟೆಲ್ ಕಾರ್ಡ್‌ಗಳ ಮಾಡ್ಯೂಲ್ ಕರ್ನಲ್ ಜೊತೆಗೇ ಬರುವುದರಿಂದ ಆ ಮನೆಯಲ್ಲಿ ಈ ತಾಪತ್ರಯವಿಲ್ಲ. ಎನ್‌ವಿಡಿಯಾದ್ದು ಹೊರಗಿನಿಂದ ಬರುತ್ತದೆ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲೇ ಇದೆ.

ಹಾಕುವ ಮೊದಲು ಕಾರ್ಡ್ ಯಾವುದು ಅಂತ ಚಿಪ್ ಹೆಸರಿನ ಸಮೇತ ನೋಡಿಕೊಳ್ಳಿ. ‘ಎಲ್‌ಎಸ್‌ಪಿಸಿಐ’ ಆದೇಶ ಅದನ್ನು ತೋರಿಸುತ್ತದೆ. ಡಬ್ಬಿಯ ಮೇಲಿನ ಹೆಸರನ್ನು ನಂಬಿ ಕೂರಬಾರದು. ಜಿಟಿ 730 ಕಾರ್ಡನ್ನೇ ನೋಡಿ: ಅದೇ ಹೆಸರಿನಲ್ಲಿ ಜಿಎಫ್108 ಅನ್ನುವ ಫರ್ಮಿ ಚಿಪ್ ಕೂಡ ಮಾರಾಟವಾಗಿದೆ, ಜಿಕೆ208 ಅನ್ನುವ ಕೆಪ್ಲರ್ ಚಿಪ್ ಕೂಡ. ಫರ್ಮಿ, ಕೆಪ್ಲರ್ ಅಂದರೆ ಚಿಪ್ ಪೀಳಿಗೆಗಳ ಹೆಸರು. ಫರ್ಮಿಗೆ ಬೇಕಾದದ್ದು ಡ್ರೈವರಿನ 390 ಸರಣಿ, ಅದರ ಬೆಂಬಲ 2022ಕ್ಕೇ ಮುಗಿದಿದೆ. ಕೆಪ್ಲರ್‌ಗೆ 470 ಸರಣಿ, ಅದಕ್ಕೂ 2024ರಲ್ಲಿ ತೆರೆ ಬಿತ್ತು. ಇಂಥ ಕಾರ್ಡ್ ಇದ್ದು, ಕೆಲಸ ಬ್ರೌಸರು, ಲಿಬ್ರೆ ಆಫೀಸು, ವಿಡಿಯೊ ಇಷ್ಟಕ್ಕೇ ಸೀಮಿತವಾಗಿದ್ದರೆ, ಉಬುಂಟು ಜೊತೆಗೇ ಬರುವ ಮುಕ್ತ ಡ್ರೈವರ್ ‘ನೂವೊ’ ಸಾಕು. ಸತ್ತುಹೋದ ಡ್ರೈವರನ್ನು ಹೊಸ ಕರ್ನಲ್‌ಗೆ ಅಂಟಿಸುವ ಸಾಹಸ ಬೇಡ. ಜಿಟಿಎಕ್ಸ್ 900 ಸರಣಿಯಿಂದ ಈಚೆಯ ಕಾರ್ಡ್‌ಗಳಲ್ಲಿ ಮಾತ್ರ ಕಥೆ ತಿರುಗುಮುರುಗು. ಕಂಪನಿ ಸಹಿ ಹಾಕಿದ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಪ್ರೋಗ್ರಾಂ) ಇಲ್ಲದೆ ಆ ಕಾರ್ಡ್‌ಗಳ ಗಡಿಯಾರ ವೇಗ ಏರುವುದಿಲ್ಲವಾದ್ದರಿಂದ, ನೂವೊ ಅವುಗಳನ್ನು ಬೂಟ್ ಆದಾಗಿನ ಕನಿಷ್ಠ ವೇಗದಲ್ಲೇ ಕುಂಟಿಸುತ್ತದೆ. ಟ್ಯೂರಿಂಗ್ ಪೀಳಿಗೆಯಿಂದ (ಜಿಟಿಎಕ್ಸ್ 16, ಆರ್‌ಟಿಎಕ್ಸ್ 20) ಮುಂದಿನ ಕಾರ್ಡ್‌ಗಳಿಗೆ ಹೊಸ ಫರ್ಮ್‌ವೇರ್‌ನಿಂದ ಸ್ವಲ್ಪ ಬಿಡುಗಡೆ ಸಿಗುತ್ತಿದೆ, ಆದರೂ ಆಟ ಮತ್ತು ಕ್ಯೂಡಾಗೆ ಕಂಪನಿಯ ಡ್ರೈವರ್ ಬೇಕೇ ಬೇಕು.

ಹಾಕುವ ಕೆಲಸಕ್ಕೆ ಎರಡು ಆದೇಶ ಸಾಕು:

ಉಬುಂಟು-ಡ್ರೈವರ್ಸ್ ಡಿವೈಸಸ್
ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್

ಮೊದಲನೆಯದು ಕಾರ್ಡಿನ ಹೆಸರು, ಹೊಂದುವ ಡ್ರೈವರ್‌ಗಳ ಪಟ್ಟಿ ತೋರಿಸಿ, ಒಂದರ ಮುಂದೆ ‘ರೆಕಮೆಂಡೆಡ್’ ಎಂದು ಬರೆದಿರುತ್ತದೆ. ಎರಡನೆಯದು ಅದನ್ನೇ ಹಾಕುತ್ತದೆ. ಟರ್ಮಿನಲ್ ಬೇಡವೆಂದರೆ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ಒಳಗಿನ ‘ಅಡಿಷನಲ್ ಡ್ರೈವರ್ಸ್’ ಪುಟದಲ್ಲಿ ಇದೇ ಪಟ್ಟಿ ಇದೆ. ಒಟ್ಟು ಡೌನ್‌ಲೋಡ್ ಕೆಲವು ನೂರು ಎಂಬಿ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಮಾಡುವವರು ದಿನದ ಡೇಟಾ ಎಷ್ಟು ಉಳಿದಿದೆ ನೋಡಿಕೊಳ್ಳಿ. ಕರೆಂಟ್ ಪದೇಪದೇ ಹೋಗುವ ಊರಾದರೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಕೊನೆಯಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲೇ ಲೋಡ್ ಆಗುವ ಫೈಲ್) ಬರೆಯುತ್ತಿರುವಾಗ ಯಂತ್ರ ಆರಿಹೋದರೆ ಮುಂದಿನ ಬೂಟ್ ಅರ್ಧದಲ್ಲೇ ನಿಲ್ಲಬಹುದು.

ಪಟ್ಟಿಯಲ್ಲಿ ಒಂದೇ ಸಂಖ್ಯೆಗೆ ಎರಡು ಮೂರು ಬಾಲ ಕಾಣುತ್ತವೆ. ‘ಸರ್ವರ್’ ಬಾಲ ಡೇಟಾ ಸೆಂಟರ್ ಯಂತ್ರಗಳಿಗೆ, ಅದನ್ನು ಬಿಡಿ. ‘ಓಪನ್’ ಬಾಲಕ್ಕೆ ತುಸು ಗಮನ ಬೇಕು. 2022ರ ಮೇ ತಿಂಗಳಲ್ಲಿ 515 ಸರಣಿಯೊಂದಿಗೆ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ನ ಮೂಲ ಸಂಕೇತ ಬಿಡುಗಡೆ ಮಾಡಿತು. ‘ಓಪನ್’ ಎಂದಿರುವುದು ಅದೇ ಮಾಡ್ಯೂಲ್. ಲೈಬ್ರರಿಗಳು ಈಗಲೂ ಮುಚ್ಚಿದ್ದೇ. ಆರ್‌ಟಿಎಕ್ಸ್ 50 ಸರಣಿಗೆ ‘ಓಪನ್’ ಕಡ್ಡಾಯ. ಹಳೆಯ ಬಗೆಯ ಮಾಡ್ಯೂಲ್ ಹಾಕಿದರೆ ಇನ್‌ಸ್ಟಾಲ್ ಸುಸೂತ್ರವಾಗಿ ಮುಗಿದರೂ ‘ಎನ್‌ವಿಡಿಯಾ-ಎಸ್‌ಎಂಐ’ ಕೇಳಿದಾಗ ‘ನೋ ಡಿವೈಸಸ್ ವರ್ ಫೌಂಡ್’ ಎಂದು ಬರುತ್ತದೆ. ಕಾರ್ಡೇ ಕೆಟ್ಟಿತೆಂದು ಅಂಗಡಿಗೆ ಓಡುವ ಮುನ್ನ ಇದನ್ನು ನೋಡಿ. ಜಿಟಿಎಕ್ಸ್ 16 ಮತ್ತು ಆರ್‌ಟಿಎಕ್ಸ್ 20ರಿಂದ 40ರವರೆಗೆ ಎರಡೂ ನಡೆಯುತ್ತವೆ. ಜಿಟಿಎಕ್ಸ್ 10 ಮತ್ತು ಅದಕ್ಕಿಂತ ಹಳೆಯವುಗಳಿಗೆ ‘ಓಪನ್’ ನಡೆಯುವುದೇ ಇಲ್ಲ.

ಇನ್ನು ಸೆಕ್ಯೂರ್ ಬೂಟ್, ಅಂದರೆ ಬೂಟ್ ಆಗುವಾಗ ಡಿಜಿಟಲ್ ಸಹಿ ಇರುವುದನ್ನಷ್ಟೇ ಬಿಡುವ ಕಾವಲು. ಹೊಸಬರು ಹೆಚ್ಚು ಮುಗ್ಗರಿಸುವುದು ಇಲ್ಲೇ, ಉಬುಂಟು ಪ್ಯಾಕೇಜ್ ತನ್ನ ಬೆಲೆ ತೋರಿಸುವುದೂ ಇಲ್ಲೇ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆಂದೇ ಉಬುಂಟು, ಮೊದಲೇ ಕಟ್ಟಿ, ಉಬುಂಟು ತಯಾರಿಸುವ ಕಂಪನಿ ಕೆನಾನಿಕಲ್ ಸಹಿ ಹಾಕಿದ ಮಾಡ್ಯೂಲ್‌ಗಳನ್ನು ‘ಲಿನಕ್ಸ್-ಮಾಡ್ಯೂಲ್ಸ್-ಎನ್‌ವಿಡಿಯಾ’ ಹೆಸರಿನಲ್ಲಿ ಕೊಡುತ್ತದೆ. ಮೇಲಿನ ಆದೇಶ ಸಾಧ್ಯವಾದಾಗಲೆಲ್ಲ ಇವನ್ನೇ ಆರಿಸಿಕೊಳ್ಳುತ್ತದೆ. ನಿಮ್ಮ ಯಂತ್ರದಲ್ಲಿ ಏನನ್ನೂ ಕಂಪೈಲ್ ಮಾಡಬೇಕಿಲ್ಲ, ಯಾವ ಕೀಲಿಯನ್ನೂ ಸೇರಿಸಬೇಕಿಲ್ಲ, ಸೆಕ್ಯೂರ್ ಬೂಟ್ ಆಫ್ ಮಾಡಬೇಕಿಲ್ಲ. ವಿಂಡೋಸ್ ಕೂಡ ಪಕ್ಕದಲ್ಲಿ ಇಟ್ಟುಕೊಂಡವರಿಗೆ ಇದು ನಿಜವಾದ ನೆಮ್ಮದಿ.

ಮೊದಲೇ ಕಟ್ಟಿದ್ದು ಸಿಗದಿದ್ದರೆ ಡಿಕೆಎಂಎಸ್ ದಾರಿ. ಅದು ನಿಮ್ಮ ಯಂತ್ರದಲ್ಲೇ ಮಾಡ್ಯೂಲ್ ಕಟ್ಟಿ, ನಿಮ್ಮದೇ ಕೀಲಿಯಿಂದ ಸಹಿ ಹಾಕುತ್ತದೆ. ಆ ಕೀಲಿಯನ್ನು ಯಂತ್ರದ ಫರ್ಮ್‌ವೇರ್‌ಗೆ ಒಪ್ಪಿಸುವುದಕ್ಕೆ ಇನ್‌ಸ್ಟಾಲ್ ನಡುವೆ ಒಂದು ಪಾಸ್‌ವರ್ಡ್ ಕೇಳುತ್ತದೆ, ಕನಿಷ್ಠ 8 ಅಕ್ಷರ. ರೀಬೂಟ್ ಆದಾಗ ನೀಲಿ ಪರದೆ ಬಂದು ಹತ್ತು ಸೆಕೆಂಡ್ ಎಣಿಸುತ್ತದೆ. ಅಷ್ಟರೊಳಗೆ ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್ ಮಾಕ್’, ‘ಕಂಟಿನ್ಯೂ’, ‘ಯೆಸ್’ ಆರಿಸಿ, ಅದೇ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಬೇಕು. ಕಾಫಿಗೆ ಎದ್ದುಹೋದರೆ ಪರದೆ ತಾನಾಗಿ ಮುಂದೆ ಸಾಗಿಬಿಡುತ್ತದೆ, ಕೀಲಿ ಸೇರುವುದಿಲ್ಲ. ಆಮೇಲೆ ಮಾಡ್ಯೂಲ್ ಲೋಡ್ ಮಾಡಲು ಹೋದರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಸಾಲು ಬರುತ್ತದೆ. ಆ ಸಾಲು ಕಂಡರೆ ಡ್ರೈವರ್ ತೆಗೆದು ಹಾಕುವ ಗೋಜಿಗೆ ಹೋಗಬೇಡಿ, ಅದರಿಂದ ಏನೂ ಆಗದು. ‘ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ’ ಆದೇಶವನ್ನು ‘ಎನ್‌ರೋಲ್-ಕೀ’ ಆಯ್ಕೆಯೊಂದಿಗೆ ಓಡಿಸಿದರೆ ಪಾಸ್‌ವರ್ಡ್ ಮತ್ತೆ ಕೇಳುತ್ತದೆ, ನೀಲಿ ಪರದೆ ಮತ್ತೆ ಬರುತ್ತದೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮಾತು: ಆ ಪರದೆಗೆ ಅಮೆರಿಕನ್ ಇಂಗ್ಲಿಷ್ ಕೀಬೋರ್ಡ್ ಬಿಟ್ಟು ಬೇರೇನೂ ಗೊತ್ತಿಲ್ಲ. ಪಾಸ್‌ವರ್ಡ್ ಇಡುವಾಗ ಇನ್‌ಸ್ಕ್ರಿಪ್ಟ್ ಅಥವಾ ಕೆಜಿಪಿ ವಿನ್ಯಾಸ ಆನ್ ಇಲ್ಲದಂತೆ ನೋಡಿಕೊಳ್ಳಿ. ಬರೀ ಅಕ್ಷರ, ಅಂಕಿ ಸಾಕು.

ರೀಬೂಟ್ ಆದ ಮೇಲೆ ಎರಡು ಪರೀಕ್ಷೆ. ‘ಎನ್‌ವಿಡಿಯಾ-ಎಸ್‌ಎಂಐ’ ಹೊಡೆದರೆ ಕಾರ್ಡ್ ಹೆಸರು, ತಾಪಮಾನ, ಮೆಮೊರಿ ಬಳಕೆಯ ಪಟ್ಟಿ ಬರಬೇಕು. ಮೇಲುಗಡೆ ಕಾಣುವ ಕ್ಯೂಡಾ ಸಂಖ್ಯೆ ಈ ಡ್ರೈವರ್ ಯಾವ ಕ್ಯೂಡಾ ಆವೃತ್ತಿಯವರೆಗೆ ಒಗ್ಗುತ್ತದೆ ಎನ್ನುವ ಮಿತಿ ಅಷ್ಟೆ, ಕ್ಯೂಡಾ ಟೂಲ್‌ಕಿಟ್ ನಿಮ್ಮಲ್ಲಿದೆ ಅಂತ ಅದರ ಅರ್ಥವಲ್ಲ. ಎರಡನೆಯದು ‘ಜಿಎಲ್‌ಎಕ್ಸ್‌ಇನ್‌ಫೊ’, ಬರದಿದ್ದರೆ ‘ಮೆಸಾ-ಯುಟಿಲ್ಸ್’ ಪ್ಯಾಕೇಜ್ ಹಾಕಿ. ಅದರ ‘ರೆಂಡರರ್’ ಸಾಲಿನಲ್ಲಿ ಎನ್‌ವಿಡಿಯಾ ಹೆಸರಿರಬೇಕು. ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಚಿತ್ರ ಬಿಡಿಸುತ್ತಿರುವುದು ಸಿಪಿಯು, ಕಾರ್ಡ್ ಸುಮ್ಮನೆ ಕೂತಿದೆ. ಇಂಟೆಲ್ ಹೆಸರು ಕಂಡರೆ ಸಿಪಿಯು ಡಬ್ಬಿಯ ಹಿಂದೆ ಬಗ್ಗಿ ನೋಡಿ. ಎಚ್‌ಡಿಎಂಐ ಕೇಬಲ್ ಯುಎಸ್‌ಬಿ ಪೋರ್ಟ್‌ಗಳ ಸಾಲಿನಲ್ಲಿ ಸಿಕ್ಕಿಸಿದ್ದರೆ ಅದು ಮದರ್‌ಬೋರ್ಡಿನದು; ಕೆಳಗೆ ಅಡ್ಡ ಪಟ್ಟಿಯಲ್ಲಿರುವ, ಕಾರ್ಡಿನ ಪೋರ್ಟ್‌ಗೆ ಹಾಕಬೇಕು.

ಕರ್ನಲ್ ಅಪ್‌ಡೇಟ್ ಆದ ಮೇಲೆ ಕೈಕೊಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. 24.04ರಲ್ಲಿ ಎರಡು ಬಗೆಯ ಕರ್ನಲ್ ಸಾಲುಗಳಿವೆ: ಮೂಲ ‘ಜೆನೆರಿಕ್’, ಹೊಸ ಯಂತ್ರಾಂಶಕ್ಕೆಂದು ಆಮೇಲೆ ಬಂದ ‘ಎಚ್‌ಡಬ್ಲ್ಯುಇ’. ಸಹಿ ಹಾಕಿದ ಮಾಡ್ಯೂಲ್ ಪ್ಯಾಕೇಜ್‌ಗಳೂ ಈ ಎರಡಕ್ಕೆ ಬೇರೆ ಬೇರೆ. ಯಂತ್ರ ಎಚ್‌ಡಬ್ಲ್ಯುಇ ಕರ್ನಲ್ ಮೇಲೆ ಓಡುತ್ತಾ ಪ್ಯಾಕೇಜ್ ಮಾತ್ರ ಬರೀ ಜೆನೆರಿಕ್ ಸಾಲಿನದಾದರೆ, ಹೊಸ ಕರ್ನಲ್ ಬರುತ್ತದೆ, ಅದಕ್ಕೆ ತಕ್ಕ ಮಾಡ್ಯೂಲ್ ಬರುವುದಿಲ್ಲ. ಡಿಕೆಎಂಎಸ್ ಬಳಸುವವರಲ್ಲಿ ಇದರದೇ ಇನ್ನೊಂದು ರೂಪ: ಕರ್ನಲ್ ಹೆಡರ್ಸ್ ಪ್ಯಾಕೇಜ್ ಇಲ್ಲದೆ ಕಟ್ಟುವ ಕೆಲಸವೇ ಶುರುವಾಗುವುದಿಲ್ಲ. ‘ಡಿಕೆಎಂಎಸ್ ಸ್ಟೇಟಸ್’ ಕೇಳಿದರೆ ಯಾವ ಕರ್ನಲ್‌ಗೆ ಕಟ್ಟಿದೆ, ಯಾವುದಕ್ಕೆ ಇಲ್ಲ ಎಂದು ನೇರವಾಗಿ ತೋರಿಸುತ್ತದೆ. ಉಬುಂಟು ಒಂದು ಅಂಕ ಕಳೆದುಕೊಂಡದ್ದು ಈ ಜಾಗದಲ್ಲಿ. ಹೊಸ ಕರ್ನಲ್‌ಗೆ ಮಾಡ್ಯೂಲ್ ಇಲ್ಲವೆಂದು ರೀಬೂಟ್‌ಗೆ ಮುಂಚೆ ಎಚ್ಚರಿಸುವ ಒಂದು ಸಾಲು ಪರದೆ ಮೇಲೆ ಬಂದಿದ್ದರೆ ಎಷ್ಟೋ ಜನರ ಅರ್ಧ ದಿನ ಉಳಿಯುತ್ತಿತ್ತು.

ಕಪ್ಪು ಪರದೆ ಬಂದರೆ ಗಾಬರಿಯಿಂದ ಉಬುಂಟು ಮತ್ತೆ ಹಾಕಬೇಡಿ. ಬೂಟ್ ಆಗುವಾಗ ಎಸ್ಕೇಪ್ ಒತ್ತಿ ಗ್ರಬ್ ಮೆನು ತೆರೆದು, ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಕರ್ನಲ್ ಆರಿಸಿ. ಅದರ ಮಾಡ್ಯೂಲ್ ಅಲ್ಲೇ ಇರುವುದರಿಂದ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಹಾಗೇ ಬರುತ್ತದೆ, ಅಲ್ಲಿ ಕೂತು ನಿಧಾನವಾಗಿ ಸರಿಮಾಡಬಹುದು. ಹಳೆಯ ಕರ್ನಲ್‌ಗಳನ್ನು ಜಾಗಕ್ಕಾಗಿ ಕೈಯಾರೆ ಅಳಿಸುವ ಅಭ್ಯಾಸ ಇದ್ದವರು ಒಂದನ್ನಾದರೂ ಉಳಿಸಿಕೊಳ್ಳಿ.

‘ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್’ ದೋಷ ಇಷ್ಟು ಗಂಭೀರವಲ್ಲ. ಹಿನ್ನೆಲೆಯಲ್ಲಿ ಲೈಬ್ರರಿ ಅಪ್‌ಡೇಟ್ ಆಗಿದೆ, ಮೆಮೊರಿಯಲ್ಲಿ ಹಳೆಯ ಮಾಡ್ಯೂಲೇ ಕೂತಿದೆ. ಒಂದು ರೀಬೂಟ್ ಸಾಕು.

ಡಾಟ್ ರನ್ ಫೈಲ್ ಈ ಯಾವ ವ್ಯವಸ್ಥೆಗೂ ಸೇರಿದ್ದಲ್ಲ. ಪ್ಯಾಕೇಜ್ ಲೆಕ್ಕಕ್ಕೆ ಗೊತ್ತಾಗದಂತೆ ತನ್ನ ಫೈಲ್‌ಗಳನ್ನು ಲೈಬ್ರರಿಗಳ ನಡುವೆ ಇಟ್ಟುಬಿಡುತ್ತದೆ. ಆಮೇಲೆ ಉಬುಂಟು ಪ್ಯಾಕೇಜ್ ಹಾಕಿದರೆ ಎರಡೂ ಕಲಸಿಕೊಂಡು ಯಾವುದರ ಲೈಬ್ರರಿ ಯಾವುದು ಅಂತ ಬಿಡಿಸುವುದೇ ಕಷ್ಟ. ಆಗಲೇ ಹಾಕಿದ್ದರೆ ಮೊದಲು ‘ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್’ ಓಡಿಸಿ, ಆಮೇಲೆ ಪ್ಯಾಕೇಜ್‌ಗೆ ಬನ್ನಿ.

ಬಳಕೆಯಲ್ಲಿ ಡ್ರೈವರ್ ಬಗ್ಗೆ ದೂರು ಕಡಿಮೆ. ಒಬಿಎಸ್‌ನಲ್ಲಿ ಎನ್‌ವೆಂಕ್ ರೆಕಾರ್ಡಿಂಗ್, ಬ್ಲೆಂಡರ್‌ನಲ್ಲಿ ಆಪ್ಟಿಕ್ಸ್, ಪೈಟಾರ್ಚ್‌ನಲ್ಲಿ ಕ್ಯೂಡಾ ಎಲ್ಲವೂ ಚೆನ್ನಾಗಿ ನಡೆಯುತ್ತವೆ. ಸ್ಟೀಮ್‌ನ ಹಳೆಯ ಆಟಗಳಿಗೆ 32 ಬಿಟ್ ಲೈಬ್ರರಿ ಬೇಕು. ಅದರ ಸರಣಿ ಸಂಖ್ಯೆ ಡ್ರೈವರಿನದೇ ಇರಲಿ. ಪರದೆ ಮೇಲೆ ಕಿಟಕಿಗಳನ್ನು ಮೂಡಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ಬಹುಕಾಲ ಕಾಡಿದ ಮಿನುಗಾಟಕ್ಕೆ ಮದ್ದು ಸಿಕ್ಕಿದ್ದು 2024ರಲ್ಲಿ, 555 ಸರಣಿ ‘ಎಕ್ಸ್‌ಪ್ಲಿಸಿಟ್ ಸಿಂಕ್’ ತಂದಾಗ. ಅದಕ್ಕಿಂತ ಹಳೆಯ 535ರ ಮೇಲೆ ಇರುವವರು ಲಾಗಿನ್ ಪರದೆಯ ಮೂಲೆಯಲ್ಲಿರುವ ಹಲ್ಲುಚಕ್ರದ ಗುರುತು ಒತ್ತಿ ಹಳೆಯ ವ್ಯವಸ್ಥೆಯಾದ ಎಕ್ಸಾರ್ಗ್ ಆರಿಸಿಕೊಂಡರೆ ಕಣ್ಣಿಗೆ ಹಿತ.

ಸಸ್ಪೆಂಡ್ ಮಾಡಿ ಎಬ್ಬಿಸಿದಾಗ ಅಕ್ಷರಗಳು ಚೂರುಚೂರಾಗಿ, ವಾಲ್‌ಪೇಪರ್ ಬಣ್ಣದ ಗೀರುಗಳಾಗಿ ಕಂಡರೆ ಕಾರ್ಡಿನ ಮೆಮೊರಿ ಉಳಿದಿಲ್ಲ ಎಂದರ್ಥ. ಮಾಡ್ಯೂಲ್ ಆಯ್ಕೆಗಳಲ್ಲಿ ‘ಪ್ರಿಸರ್ವ್ ವಿಡಿಯೊ ಮೆಮೊರಿ ಅಲೊಕೇಷನ್ಸ್’ ಬೆಲೆಯನ್ನು 1 ಮಾಡಿ, ಎನ್‌ವಿಡಿಯಾದ ಸಸ್ಪೆಂಡ್ ಮತ್ತು ರೆಸ್ಯೂಮ್ ಸೇವೆಗಳು ಆನ್ ಇವೆಯೇ ನೋಡಿ, ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಬರೆಸಿ. ಮೆಮೊರಿಯನ್ನು ತಾತ್ಕಾಲಿಕವಾಗಿ ಇಳಿಸಿಡುವ ಜಾಗ ಕಾರ್ಡಿನ ಮೆಮೊರಿಗಿಂತ ಶೇ. 5ರಷ್ಟಾದರೂ ದೊಡ್ಡದಿರಬೇಕು: 12 ಜಿಬಿ ಕಾರ್ಡಿಗೆ ಸುಮಾರು 12.6 ಜಿಬಿ. ಡಿಸ್ಕ್ ತುಂಬಿ ತುಳುಕುತ್ತಿದ್ದರೆ ಈ ಉಪಾಯ ಫಲಿಸುವುದಿಲ್ಲ.

ಇನ್ನೊಂದು ಲಿನಕ್ಸ್ ಆದ ಫೆಡೋರಾದವರಿಗೆ ಇದೇ ಕೆಲಸವನ್ನು ಆರ್‌ಪಿಎಂ ಫ್ಯೂಷನ್ ಭಂಡಾರದ ‘ಏಕೆಮಾಡ್-ಎನ್‌ವಿಡಿಯಾ’ ಮಾಡುತ್ತದೆ. ಅಲ್ಲಿ ಇನ್‌ಸ್ಟಾಲ್ ಮುಗಿಯಿತೆಂದ ಕೂಡಲೇ ರೀಬೂಟ್ ಮಾಡಬಾರದು. ಮಾಡ್ಯೂಲ್ ಹಿನ್ನೆಲೆಯಲ್ಲಿ ಇನ್ನೂ ಕಂಪೈಲ್ ಆಗುತ್ತಿರುತ್ತದೆ, ಐದು ನಿಮಿಷವಾದರೂ ತಡೆಯಿರಿ.

ಜಿಟಿಎಕ್ಸ್ 1050 ಟಿಐ, 1060 ಇಂದಿಗೂ ಎಷ್ಟೋ ಮನೆಗಳಲ್ಲಿ ಗಟ್ಟಿಯಾಗಿ ದುಡಿಯುತ್ತಿವೆ. ಆ ಪ್ಯಾಸ್ಕಲ್ ಕಾರ್ಡ್‌ಗಳಿಗೂ, ಅವುಗಳ ಹಿಂದಿನ ಮ್ಯಾಕ್ಸ್‌ವೆಲ್‌ಗೂ 580 ಕೊನೆಯ ಸರಣಿ ಎಂದು ಎನ್‌ವಿಡಿಯಾ 2025ರಲ್ಲಿ ಹೇಳಿದೆ. ಅವು ಇರುವವರು 24.04ನಲ್ಲೇ ಇದ್ದು, ಬಾಲವಿಲ್ಲದ ಮಾಮೂಲಿ 580 ಅಥವಾ ಅದಕ್ಕಿಂತ ಹಿಂದಿನ ಸರಣಿ ಹಾಕಿಕೊಳ್ಳಿ. ಮುಂದಿನ ಉಬುಂಟುಗೆ ಏರುವ ಮುನ್ನ ಅದರ ಭಂಡಾರದಲ್ಲಿ 580 ಇದೆಯೇ ಎಂದು ಹುಡುಕಿ ನೋಡಿ, ಇದ್ದರೆ ಮಾತ್ರ ಅಪ್‌ಗ್ರೇಡ್ ಬಟನ್ ಒತ್ತಿ.