ಸಾವಿರ ಗಜದ ಪಂದ್ಯ: ಜೋಡಿ ಸರದಿಯೋ, ಒಂಟಿ ಸರದಿಯೋ, ಎಲೆಕ್ಟ್ರಾನಿಕ್ ಗುರಿಯೋ?

ದೂರದ ಗುರಿಯ ರೈಫಲ್ ಪಂದ್ಯಕ್ಕೆ ಹೊಸದಾಗಿ ಹೊರಟವರು ಮೊದಲು ವಿಚಾರಿಸುವುದು ರೈಫಲ್ಲು, ನಳಿಗೆ, ಗುಂಡಿನ ತೂಕ ಇವುಗಳನ್ನೇ. ಪಂದ್ಯ ಯಾವ ಪದ್ಧತಿಯದು ಎಂದು ಕೇಳುವವರು ಕಡಿಮೆ. ಅದೇ ರೈಫಲ್ಲು, ಅದೇ .308 ತೋಟಾ, ಅದೇ 155 ಗ್ರೇನ್ ಗುಂಡು ಹಿಡಿದು ಮೂರು ಬಗೆಯ ಪಂದ್ಯಗಳಿಗೂ ಹಲವು ವರ್ಷ ಹೋಗಿಬಂದಿದ್ದೇನೆ. ಪದ್ಧತಿ ಬದಲಾದರೆ ಗಾಳಿಯ ಜೊತೆ ನಾವು ನಡೆದುಕೊಳ್ಳುವ ರೀತಿಯೇ ಬದಲಾಗುತ್ತದೆ ಎಂಬುದು ನನಗೆ ನಿಧಾನವಾಗಿ ಅರಿವಿಗೆ ಬಂತು. ಅದು ಮೊದಲೇ ತಿಳಿದಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ನಾನು ಹೊಡೆಯುವುದು ಎಡತೋಳಿಗೆ ಸ್ಲಿಂಗ್ (ರೈಫಲ್ಲನ್ನು ತೋಳಿಗೆ ಬಿಗಿಯುವ ಪಟ್ಟಿ) ಕಟ್ಟಿಕೊಂಡು, ನೆಲದ ಮೇಲೆ ಬೋರಲು ಮಲಗಿ, ದುರ್ಬೀನಿಲ್ಲದ ಸೈಟಿನಲ್ಲಿ. ಒಂದು ವರ್ಷ ಎಫ್-ಕ್ಲಾಸ್ ಕೂಡ ಹೊಡೆದೆ. ಕೆನಡಾದ ಜಾರ್ಜ್ ಫರ್ಕರ್ಸನ್ ಅವರ ಹೆಸರಿನ ಮೊದಲಕ್ಷರ ಹೊತ್ತ ವಿಭಾಗ ಅದು. ಮುಂದೆ ಆಸರೆ, ಮೇಲೆ ದುರ್ಬೀನು ಇರುತ್ತವೆ, ಅದಕ್ಕೆ ತಕ್ಕಂತೆ ಗುರಿಯ ಉಂಗುರಗಳೂ ಅರ್ಧಕ್ಕೆ ಕುಗ್ಗುತ್ತವೆ. ಇಲ್ಲಿ ಹೇಳುವುದು ಎರಡಕ್ಕೂ ಹೊಂದುತ್ತದೆ.

ಮೊದಲು ಒಂದು ಲೆಕ್ಕ. ಸಾವಿರ ಗಜದಲ್ಲಿ ಒಂದು ಮಿನಿಟ್ ಕೋನ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ಸುಮಾರು ಹತ್ತೂವರೆ ಇಂಚು. ಅಡ್ಡಗಾಳಿ ಗಂಟೆಗೆ ಒಂದೇ ಮೈಲಿಯಷ್ಟು ಬದಲಾದರೂ ನನ್ನ ಗುಂಡು ಹತ್ತಿರ ಹತ್ತಿರ ಒಂದು ಮಿನಿಟ್ ಪಕ್ಕಕ್ಕೆ ಸರಿಯುತ್ತದೆ. ಅಮೆರಿಕದ ಸಾವಿರ ಗಜದ ಗುರಿಯಲ್ಲಿ ಹತ್ತು ಅಂಕದ ಉಂಗುರ 20 ಇಂಚು ಅಗಲ, ಅದರೊಳಗಿನ ಎಕ್ಸ್ 10 ಇಂಚು. ಅಂದರೆ ನಟ್ಟನಡುವೆ ಬೀಳಬೇಕಾದ ಗುಂಡು, ಕೆನ್ನೆಗೆ ತಾಗಿದ್ದೂ ಗೊತ್ತಾಗದಷ್ಟು ಗಾಳಿ ಹೆಚ್ಚಿದರೆ ಸಾಕು, ಉಂಗುರದ ಅಂಚಿಗೆ ಬಂದು ನಿಲ್ಲುತ್ತದೆ. ಈ ಆಟವೆಲ್ಲ ಇಷ್ಟರಲ್ಲೇ ಇದೆ.

ಜೋಡಿ ಸರದಿಯಿಂದ ಶುರು ಮಾಡುತ್ತೇನೆ. ಬ್ರಿಟನ್ನಿನ ಬಿಸ್ಲಿ ಮೈದಾನದ ಪದ್ಧತಿ ಇದು. 1860ರಲ್ಲಿ ವಿಂಬಲ್ಡನ್‌ನಲ್ಲಿ ಆರಂಭವಾದ ಕೂಟ 1890ರಲ್ಲಿ ಬಿಸ್ಲಿಗೆ ಬಂತು. ಒಂದು ಗುರಿಗೆ ಇಬ್ಬರು, ಕೆಲವೊಮ್ಮೆ ಮೂವರು, ಪಕ್ಕಪಕ್ಕದಲ್ಲಿ ಮಲಗಿರುತ್ತಾರೆ. ನೀವೊಂದು, ಅವರೊಂದು, ಮತ್ತೆ ನೀವೊಂದು. ಜೊತೆಗಾರರ ಅಂಕ ಗುರಿಯ ಮೇಲೆ ಕಾಣಿಸಿದ ಕ್ಷಣದಿಂದ ನಿಮಗೆ 45 ಸೆಕೆಂಡು. ಸೈಟು ಸರಿಮಾಡಿಕೊಳ್ಳಲು ಎರಡು ಸೈಟರ್ ಗುಂಡು, ಆಮೇಲೆ ಲೆಕ್ಕಕ್ಕೆ ಹತ್ತು ಇಲ್ಲವೇ ಹದಿನೈದು ಗುಂಡು. ಅವರ ಅಂಕವನ್ನು ನೀವು ಗಟ್ಟಿಯಾಗಿ ಹೇಳಿ ಚೀಟಿಯಲ್ಲಿ ಬರೆಯಬೇಕು, ನಿಮ್ಮದನ್ನು ಅವರು ಬರೆಯುತ್ತಾರೆ. ಅಲ್ಲಿನ ಪ್ರಮುಖ ಪಂದ್ಯವಾದ ರಾಜನ ಬಹುಮಾನದ ಕೊನೆಯ ಸುತ್ತಿನಲ್ಲಿ 900 ಗಜದಲ್ಲಿ ಹದಿನೈದು, 1000 ಗಜದಲ್ಲಿ ಹದಿನೈದು, ಗುಂಡಿಗೆ ಹೆಚ್ಚೆಂದರೆ ಐದರಂತೆ ಒಟ್ಟು 150 ಅಂಕ. ಅಷ್ಟನ್ನೂ ಇದೇ ತಾಳದಲ್ಲಿ ಹೊಡೆಯಬೇಕು.

ಕಾಗದದ ಮೇಲೆ ಓದಿದಾಗ ಇದು ನಿಧಾನದ ಪದ್ಧತಿ. ಮಲಗಿದಾಗ ಹಾಗನ್ನಿಸುವುದಿಲ್ಲ. ಒಂದು ಕಣ್ಣಿನಲ್ಲಿ ಬಾವುಟ, ಇನ್ನೊಂದರಲ್ಲಿ ಸ್ಪಾಟಿಂಗ್ ಸ್ಕೋಪಿನೊಳಗೆ ತೇಲುವ ಬಿಸಿಲುಗುದುರೆ, ಕೈಯಲ್ಲಿ ಪೆನ್ನು. ಜೊತೆಗಾರರು ಹೊಡೆದರು, ಅಂಕ ಗುರುತಿಸಲು ಆಚೆ ತುದಿಯವರು ಗುರಿ ಇಳಿಸಿದರು, ಅದು ಮೇಲೆ ಬಂತು, "ನಾಲ್ಕು" ಎಂದಿರಿ, ಬರೆದಿರಿ, ಪೆನ್ನು ಕೆಳಗಿಟ್ಟಿರಿ. ಅಷ್ಟರಲ್ಲಿ ನಿಮ್ಮ 45ರಲ್ಲಿ ಹತ್ತು ಹೋಯಿತು. ಮುಖ್ಯ ಮಾತು ಇನ್ನೊಂದಿದೆ. ಒಳ್ಳೆಯ ಗಾಳಿ ಬರಲಿ ಎಂದು ಇಲ್ಲಿ ಕಾದು ಕೂರುವ ಹಾಗಿಲ್ಲ. ಈಗ ಬೀಸುತ್ತಿರುವುದು ಯಾವುದೋ, ಅದನ್ನೇ ಓದಬೇಕು, ಸೈಟು ತಿರುಗಿಸಬೇಕು, ಹೊಡೆಯಬೇಕು.

ಒಂದು ಮಧ್ಯಾಹ್ನ, ಸಾವಿರ ಗಜ. ನನ್ನ ಜೊತೆಗೆ ಚೀಟಿ ಎತ್ತಿ ಬಂದವರು ನನಗಿಂತ ಹಿರಿಯರಾದ ಒಬ್ಬ ಮಹಿಳೆ. ಎಂಟು ಗುಂಡಿನವರೆಗೆ ಎಡದಿಂದ ಹದವಾದ ಗಾಳಿ, ಸೈಟಿನಲ್ಲಿ ಎಡಕ್ಕೆ ಆರು ಮಿನಿಟ್, ಎಲ್ಲವೂ ಬುಲ್ಲಿನೊಳಗೆ, ಅಂದರೆ ನಡುವಿನ ಐದು ಅಂಕದ ವೃತ್ತದೊಳಗೆ. ಒಂಬತ್ತನೆಯದಕ್ಕೆ ಮೊದಲು ನಡುವಿನ ಬಾವುಟ ಸೋತು ಕೆಳಗೆ ಬಾಗಿತು. ಸ್ಕೋಪಿನಲ್ಲಿ ಅಡ್ಡ ಓಡುತ್ತಿದ್ದ ಝಳ ಅಲೆ ಅಲೆಯಾಗಿ ಮೇಲಕ್ಕೇಳಲು ನೋಡುತ್ತಿತ್ತು. ಗಾಳಿ ಇಳಿದದ್ದು ನನಗೆ ಕಂಡಿತು. ಆದರೂ ಅಳೆದೂ ಸುರಿದೂ ಒಂದೇ ಒಂದು ಮಿನಿಟ್ ಇಳಿಸಿ ಐದಕ್ಕೆ ನಿಲ್ಲಿಸಿದೆ. ಗುಂಡು ಬುಲ್ಲಿನಾಚೆ ಎಡಕ್ಕೆ ಬಿತ್ತು, ನಾಲ್ಕು ಅಂಕ. ಹೊಡೆಯುವಾಗ ಮಾತಾಡುವಂತಿಲ್ಲ. ಸುತ್ತು ಮುಗಿಸಿ ಚಾಪೆ ಸುತ್ತುವಾಗ ಅವರು ಹೇಳಿದರು: "ನೀವು ಗಾಳಿ ನೋಡಿದ್ದು ಪೂರ್ತಿ, ನಂಬಿದ್ದು ಅರ್ಧ." ನನ್ನ ಚೀಟಿ ಬರೆದವರು ಅವರು. ನನ್ನ ಒಂದೊಂದು ಗುಂಡನ್ನೂ ಸ್ಕೋಪಿನಲ್ಲಿ ನೋಡಿದವರು. ಅಂಥ ಮಾತು ಬೇರೆ ಪದ್ಧತಿಯಲ್ಲಿ ನನಗೆ ಯಾರಿಂದಲೂ ಸಿಕ್ಕಿಲ್ಲ, ಏಕೆಂದರೆ ಅಲ್ಲಿ ಯಾರೂ ಅಷ್ಟು ಹತ್ತಿರದಿಂದ ನೋಡುತ್ತಿರುವುದಿಲ್ಲ.

ಜೊತೆಗಾರರ ಗುಂಡು ನಿಮಗೂ ಒಂದು ಸುಳಿವು ಕೊಡುತ್ತದೆ, ಆದರೆ ಅದನ್ನು ಕಣ್ಣುಮುಚ್ಚಿ ನಂಬಬಾರದು. ಅವರ ಗುಂಡು ಬಲಕ್ಕೆ ಹೋದದ್ದು ಗಾಳಿಗೋ, ಟ್ರಿಗರ್ ಎಳೆದ ರೀತಿಗೋ, ಅವರ ಸೈಟು ಎಲ್ಲಿತ್ತೋ ನಿಮಗೆ ಗೊತ್ತಿರುವುದಿಲ್ಲ. ಬಾವುಟ ಹೇಳಿದ್ದನ್ನೇ ಅವರ ಗುಂಡೂ ಹೇಳಿದರೆ ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಒಂಟಿ ಸರದಿಗೆ ಬರೋಣ. ಅಮೆರಿಕದ ಕ್ಯಾಂಪ್ ಪೆರಿಯಂಥ ಮೈದಾನಗಳಲ್ಲಿ ಬೆಳೆದ ಪದ್ಧತಿ. ಗುರಿ ಪೂರ್ತಿ ನಿಮ್ಮದು. ಇಪ್ಪತ್ತು ಗುಂಡಿಗೆ ಇಪ್ಪತ್ತು ನಿಮಿಷ, ಸೈಟರ್‌ಗೆ ಮೇಲಿಷ್ಟು. ಆ ಹೊತ್ತನ್ನು ಹೇಗೆ ಖರ್ಚು ಮಾಡುತ್ತೀರೋ ನಿಮಗೆ ಬಿಟ್ಟದ್ದು. ಇಲ್ಲಿ ಗೆಲ್ಲುವವರು ಒಂದು ಗಾಳಿಯನ್ನು ಆರಿಸಿಕೊಳ್ಳುತ್ತಾರೆ. ಬಾವುಟಗಳು ಇಂಥ ಕೋನದಲ್ಲಿ ನಿಂತಾಗ ಮಾತ್ರ ಹೊಡೆಯುವುದು, ಉಳಿದಾಗ ಬೋಲ್ಟ್ ತೆರೆದಿಟ್ಟು ಸುಮ್ಮನೆ ಇರುವುದು.

ನಾನೂ ಹಾಗೆ ಮಾಡಿದೆ. ಒಂದು ಸಲ ನಾಲ್ಕು ನಿಮಿಷ ಗುಂಡು ಹಾರಿಸದೆ ಕಾದೆ. ಬೇಕಾದ ಗಾಳಿ ತಿರುಗಿ ಬಂದಾಗ ಮೂರು ನಿಮಿಷದೊಳಗೆ ಏಳು ಗುಂಡು ಹಾಕಿದೆ, ಏಳೂ ಹತ್ತರ ಉಂಗುರದಲ್ಲಿ. ಆ ಸಂತೋಷ ದೊಡ್ಡದು, ಸುಳ್ಳು ಹೇಳುವುದಿಲ್ಲ. ಕೊನೆಯ ಮೂರಕ್ಕೆ ಹೊತ್ತು ಸಾಲದೆ ಸಿಕ್ಕ ಗಾಳಿಯಲ್ಲೇ ಹೊಡೆಯಬೇಕಾಯಿತು. ಅವುಗಳಲ್ಲಿ ಒಂದು ಎಂಟಕ್ಕೆ ಹೋಯಿತು. ಆದರೂ ಆವರೆಗಿನ ನನ್ನ ಅತಿ ಹೆಚ್ಚಿನ ಅಂಕ ಅದೇ. ರಾತ್ರಿ ನೋಟ್‌ಪುಸ್ತಕ ತೆರೆದರೆ ಗಾಳಿಯ ಕಾಲಮ್ಮಿನಲ್ಲಿ ಉದ್ದಕ್ಕೂ ಒಂದೇ ಸಂಖ್ಯೆ: ನಾಲ್ಕೂವರೆ, ನಾಲ್ಕೂವರೆ, ನಾಲ್ಕೂವರೆ. ಜೋಡಿ ಸರದಿಯ ಯಾವ ಪುಟ ತೆಗೆದರೂ ಎರಡೂವರೆಯಿಂದ ಏಳರವರೆಗೆ ಹರಡಿರುತ್ತದೆ. ಅಂಕ ಹೆಚ್ಚಿತ್ತು, ಗಾಳಿಯ ಬಗ್ಗೆ ಹೊಸದಾಗಿ ಕಲಿತದ್ದು ಆ ಕೊನೆಯ ಎಂಟರಿಂದ ಮಾತ್ರ.

ಒಂಟಿ ಸರದಿಯಲ್ಲಿ ನಳಿಗೆಯ ಬಿಸಿಯನ್ನೂ ಸಂಭಾಳಿಸಬೇಕು. ಬೇಗ ಬೇಗ ಏಳು ಗುಂಡು ಹೋದ ಮೇಲೆ ಮುಂದಿನ ತೋಟಾವನ್ನು ನಳಿಗೆಯ ಹಿಂತುದಿಯ ಬಿಸಿ ಕೋಣೆಯೊಳಗೆ ಇಟ್ಟು ಗಾಳಿಗಾಗಿ ಕಾದರೆ ಮದ್ದು ಕಾಯುತ್ತದೆ, ಗುಂಡಿನ ವೇಗ ಏರುತ್ತದೆ, ಗುರಿಯಲ್ಲಿ ಮೇಲಕ್ಕೆ ಬೀಳುತ್ತದೆ. ಹೊಡೆಯುವುದು ಖಚಿತವಾದ ಮೇಲೆಯೇ ತೋಟಾ ಒಳಗೆ ತಳ್ಳಿ. ಜೋಡಿ ಸರದಿಯಲ್ಲಿ ಈ ತಾಪತ್ರಯವಿಲ್ಲ. ಪ್ರತಿ ಗುಂಡಿನ ನಡುವೆ ನಳಿಗೆಗೆ ಉಸಿರಾಡಲು ಹೊತ್ತು ಸಿಗುತ್ತದೆ.

ಒಂಟಿ ಸರದಿಯಲ್ಲಿ ನನಗೆ ನೋವಾದ ಸಂಗತಿಯೊಂದಿದೆ. ಆಚೆ ತುದಿಯಲ್ಲಿ ಗುರಿ ಇಳಿಸಿ ಏರಿಸುವವರ ಕೈಯಲ್ಲಿ ನಿಮ್ಮ ಪಂದ್ಯವಿರುತ್ತದೆ. ಒಂದು ಕೂಟದಲ್ಲಿ ಪಕ್ಕದವರ ಗುರಿ ಏಳೆಂಟು ಸೆಕೆಂಡಿಗೆ ಮೇಲೆ ಬರುತ್ತಿತ್ತು, ನನ್ನದಕ್ಕೆ ಅರ್ಧ ನಿಮಿಷ. ಆರಿಸಿಕೊಂಡ ಗಾಳಿ ಅಷ್ಟರಲ್ಲಿ ಹೊರಟೇ ಹೋಗಿರುತ್ತದೆ. ಜೋಡಿ ಸರದಿಯಲ್ಲಿ ಮಾರ್ಕರ್ ನಿಧಾನವಾದರೆ ಇಬ್ಬರಿಗೂ ಸಮನಾಗಿ ನಿಧಾನ, ಅದಕ್ಕೆ ಅಲ್ಲಿ ಅದು ಅನ್ಯಾಯ ಅನ್ನಿಸುವುದಿಲ್ಲ.

ಹಾಗೆಂದು ಆಚೆ ತುದಿಯ ಕೆಲಸವನ್ನು ಯಾರೂ ತಪ್ಪಿಸಿಕೊಳ್ಳಬೇಡಿ. ಹೊಡೆಯುವವರೇ ಸರದಿಯ ಮೇಲೆ ಬಟ್ಸ್‌ಗೆ ಹೋಗಿ ಗುರಿ ನೋಡಿಕೊಳ್ಳುವ ಪಂದ್ಯವಾದರೆ ಖುಷಿಯಿಂದ ಹೋಗಿ. ತಡೆಗೋಡೆಯ ಮರೆಯಲ್ಲಿ ಕೂತು ತಲೆಯ ಮೇಲಿನ ಚೌಕಟ್ಟು ನೋಡುತ್ತಿರುತ್ತೀರಿ. ಮೊದಲು ಗುಂಡಿನ "ಚಟ್" ಎಂಬ ಸದ್ದು, ಹಿಂದಿನ ಮಣ್ಣಿನ ದಿಬ್ಬದಲ್ಲಿ ಒಂದು ಹಿಡಿ ಮರಳು ಚಿಮ್ಮುತ್ತದೆ, ಸುಮಾರು ಒಂದು ಸೆಕೆಂಡಿನ ನಂತರ ದೂರದಿಂದ ರೈಫಲ್ಲಿನ ಮೊಳಗು ಬಂದು ತಲುಪುತ್ತದೆ. ಗುಂಡು ಸಾವಿರ ಗಜ ಬರಲು ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು ಸಾಕು, ಸದ್ದಿಗೆ ಎರಡೂವರೆಗೂ ಮೀರಿ ಬೇಕು. ಚೌಕಟ್ಟು ಎಳೆದು ಇಳಿಸಿ, ಹೊಸ ತೂತಿಗೆ ಬಿಲ್ಲೆ ಸಿಕ್ಕಿಸಿ, ಹಳೆಯ ತೂತಿಗೆ ಚೀಟಿ ಅಂಟಿಸಿ, ಅಂಕದ ಬಿಲ್ಲೆಯನ್ನು ಅದರ ಜಾಗಕ್ಕೆ ಸರಿಸಿ ಮೇಲಕ್ಕೆ ತಳ್ಳುವುದು. ಹೀಗೆ ಇಪ್ಪತ್ತು ಸಲ. ಆ ಅಂಟಿಸಿದ ಚೀಟಿಗಳ ಸಾಲಿನಲ್ಲಿ ಹೊಡೆದವರ ಮನಸ್ಸು ಕಾಣುತ್ತದೆ. ಎಡ, ಬಲ, ಎಡ, ಬಲ ಎಂದು ತೂತು ಜಿಗಿದಾಡಿದ್ದರೆ ಅವರು ಗಾಳಿ ನೋಡುತ್ತಿಲ್ಲ, ಹಿಂದಿನ ಗುಂಡನ್ನು ಅಟ್ಟಿಕೊಂಡು ಹೋಗುತ್ತಿದ್ದಾರೆ. ಮೇಲೆ ಕೆಳಗೆ ಉದ್ದವಾಗಿ ಹರಡಿದ್ದರೆ ಮದ್ದಿನ ತೂಕವನ್ನೋ ಉಸಿರು ಹಿಡಿಯುವ ರೀತಿಯನ್ನೋ ತಿದ್ದಬೇಕು. ಎರಡು ಗಂಟೆ ಬಟ್ಸ್‌ನಲ್ಲಿ ಕಳೆದ ಮೇಲೆ ನನ್ನ ತಪ್ಪುಗಳ ಹೆಸರು ನನಗೆ ಗೊತ್ತಾಯಿತು.

ಎಲೆಕ್ಟ್ರಾನಿಕ್ ಗುರಿಯ ಬಗ್ಗೆ ಹೇಳುವುದು ಕಡಿಮೆ. ಚೌಕಟ್ಟಿನ ಮೂಲೆಗಳಲ್ಲಿ ಮೈಕುಗಳಿರುತ್ತವೆ. ಶಬ್ದಕ್ಕಿಂತ ವೇಗವಾಗಿ ಬರುವ ಗುಂಡು ಎಬ್ಬಿಸುವ ಆಘಾತದ ಅಲೆ ಯಾವ ಮೈಕಿಗೆ ಎಷ್ಟು ಬೇಗ ತಲುಪಿತು ಎಂಬುದರಿಂದ ಗುಂಡು ಹಾದ ಜಾಗ ಲೆಕ್ಕವಾಗುತ್ತದೆ. ಕಣ್ಣು ಮಿಟುಕಿಸುವುದರಲ್ಲಿ ಪಕ್ಕದ ಟ್ಯಾಬ್ಲೆಟ್ಟಿನಲ್ಲಿ ಚುಕ್ಕೆ. ಬಟ್ಸ್‌ಗೆ ಜನ ಬೇಡ, ಮೊಣಕಾಲು ನೋವಿರುವವರು ಅಲ್ಲಿವರೆಗೆ ನಡೆಯಬೇಕಿಲ್ಲ, ಕೂಟ ಬೇಗ ಮುಗಿಯುತ್ತದೆ. ಜನ ಸಾಲದೆ ನಿಂತುಹೋಗುತ್ತಿದ್ದ ಪಂದ್ಯಗಳು ಇದರಿಂದ ಉಳಿದಿವೆ ಎಂಬುದನ್ನು ಮನಸಾರೆ ಒಪ್ಪುತ್ತೇನೆ.

ಆದರೆ ನನ್ನ ಕಣ್ಣು ಬಾವುಟ ಬಿಟ್ಟು ಟ್ಯಾಬ್ಲೆಟ್ಟಿಗೆ ಅಂಟಿಕೊಂಡಿತು. ಇಪ್ಪತ್ತು ಗುಂಡನ್ನು ಒಂಬತ್ತು ನಿಮಿಷದಲ್ಲಿ ಮುಗಿಸಿದೆ, ಗಾಳಿ ಬದಲಾಗುವ ಮುಂಚೆ ಓಡಿಬಿಡಬೇಕೆಂಬ ಆತುರ. ಕೆಲವು ಕಡೆ ಇದಕ್ಕಾಗಿಯೇ ಚುಕ್ಕೆ ತಡವಾಗಿ ಕಾಣುವಂತೆ ಇಟ್ಟಿರುತ್ತಾರೆ. ಅಂಥ ಪಂದ್ಯ ಎಷ್ಟೋ ಮೇಲು. ತಕರಾರು ಬಂದಾಗಲೂ ಕಷ್ಟ. ನನ್ನ ಹನ್ನೊಂದನೇ ಗುಂಡು ಪರದೆಯಲ್ಲಿ ಮೂಡಲೇ ಇಲ್ಲ. ಕಾಗದವಾಗಿದ್ದರೆ ಗುರಿ ಇಳಿಸಿ ತೂತು ಹುಡುಕುತ್ತಿದ್ದರು. ಇಲ್ಲಿ ಹಿಂದಿನವರ ನೂರಾರು ತೂತುಗಳ ನಡುವೆ ನನ್ನದು ಯಾವುದೆಂದು ಯಾರು ಹೇಳಬೇಕು? ಅಧಿಕಾರಿ ಇನ್ನೊಂದು ಗುಂಡು ಹೊಡೆಯಲು ಬಿಟ್ಟರು, ಅದು ಹತ್ತಾಯಿತು. ಆ ಹತ್ತು ನನ್ನದೇ ಎಂದು ಇವತ್ತಿಗೂ ಪೂರ್ತಿ ಅನ್ನಿಸುವುದಿಲ್ಲ. ಸಾವಿರ ಗಜ ತಲುಪುವ ಹೊತ್ತಿಗೆ ಗುಂಡಿನ ವೇಗ ಶಬ್ದದ ಮಟ್ಟಕ್ಕೆ ಇಳಿಯುವಷ್ಟು ಹಗುರ ಮದ್ದು ತುಂಬಿದವರಿಗೆ ಈ ಪೇಚು ಇನ್ನೂ ಹೆಚ್ಚು, ಆಘಾತದ ಅಲೆಯೇ ಇಲ್ಲದ ಮೇಲೆ ಮೈಕು ಕೇಳುವುದೇನನ್ನು?

ಹೊಸಬರು ನನ್ನನ್ನು ಕೇಳಿದರೆ ಮೊದಲ ವರ್ಷ ಜೋಡಿ ಸರದಿಗೇ ಹೋಗಿ ಎನ್ನುತ್ತೇನೆ. ಅಂಕ ಕಡಿಮೆ ಬರುತ್ತದೆ, 45 ಸೆಕೆಂಡಿಗೆ ಎದೆ ಹೊಡೆದುಕೊಳ್ಳುತ್ತದೆ, ಸ್ಲಿಂಗ್ ಕಟ್ಟಿದ ತೋಳಿನ ನಾಡಿ ಸೈಟಿನ ಉಂಗುರದಲ್ಲೇ ಕಾಣುತ್ತದೆ. ಪರವಾಗಿಲ್ಲ. ಜೊತೆಗಾರರಿಗೆ ತೊಂದರೆಯಾದೀತೆಂಬ ಹಿಂಜರಿಕೆ ಬೇಡ. ಮೊದಲೇ "ಹೊಸಬ" ಎಂದು ಹೇಳಿಬಿಟ್ಟರೆ ಚೀಟಿ ಬರೆಯುವುದನ್ನು ಅವರೇ ಕಲಿಸುತ್ತಾರೆ. ಒಂದೇ ಎಚ್ಚರ, ಪ್ರತಿ ಗುಂಡಿಗೂ ಮುಂಚೆ ಗುರಿಯ ಸಂಖ್ಯೆ ಓದಿಕೊಳ್ಳಿ. ಬರೆದು ಮುಗಿಸಿ ತಲೆ ಎತ್ತಿದಾಗ ಪಕ್ಕದ ಗುರಿಗೆ ಕಣ್ಣು ಜಾರುವುದು ಸುಲಭ. ನಾನು ಹಾಗೆ ಹೊಡೆದ ಒಂದು ಗುಂಡು ಪಕ್ಕದ ಗುರಿಯ ನಟ್ಟನಡುವೆ ಬಿತ್ತು, ನನ್ನ ಚೀಟಿಯಲ್ಲಿ ಅದಕ್ಕೆ ಸೊನ್ನೆ. ಎಫ್-ಕ್ಲಾಸ್‌ನವರಿಗೆ ಮಾತ್ರ ಒಂಟಿ ಸರದಿಯೂ ಬೇಗನೆ ಬೇಕಾಗುತ್ತದೆ. ಅವರ ಹತ್ತರ ಉಂಗುರ ಹತ್ತೇ ಇಂಚು. ಯಾವ ಗಾಳಿಯಲ್ಲಿ ಹೊಡೆಯಬಾರದು ಎಂಬುದನ್ನೂ ಕಲಿಯಬೇಕು.

ಈ ಸಲ ನಾನು ಜೋಡಿ ಸರದಿಯ ಎರಡು ಪಂದ್ಯಕ್ಕೂ, ಬಟ್ಸ್ ಕೆಲಸವಿರುವ ಒಂಟಿ ಸರದಿಯ ಒಂದಕ್ಕೂ ಹೆಸರು ಕೊಟ್ಟಿದ್ದೇನೆ. ಎಲೆಕ್ಟ್ರಾನಿಕ್ ಗುರಿಯಲ್ಲಿ ಅವುಗಳಿಗೆ ಮುಂಚಿನ ವಾರ ಹೊಸ ಮದ್ದಿನ ತೂಕ ಪರೀಕ್ಷಿಸುತ್ತೇನೆ. ಅಲ್ಲಿ ಟ್ಯಾಬ್ಲೆಟ್ಟನ್ನು ಚಾಪೆಯ ಕೆಳಗಿಟ್ಟು, ಐದು ಗುಂಡಿಗೊಮ್ಮೆ ಮಾತ್ರ ತೆಗೆದು ನೋಡುವುದೆಂದು ತೀರ್ಮಾನವಾಗಿದೆ.