ಶಾರ್ಕ್‌ನೇಡೋ ನೋಡೋದಾ, ಓಪನ್ ವಾಟರ್ ನೋಡೋದಾ?

ಎರಡೂ ಕಡಿಮೆ ದುಡ್ಡಿನ ಅಮೆರಿಕನ್ ಶಾರ್ಕ್ ಸಿನಿಮಾಗಳು. ಆದರೆ ನೋಡುವ ಅನುಭವ ಪೂರ್ತಿ ಬೇರೆ.

2013ರ ಶಾರ್ಕ್‌ನೇಡೋ ಟಿವಿಗೆಂದೇ ಮಾಡಿದ್ದು. ಸುಂಟರಗಾಳಿ ಶಾರ್ಕ್‌ಗಳನ್ನು ಎತ್ತಿ ಲಾಸ್ ಏಂಜಲೀಸ್ ಮೇಲೆ ಸುರಿಯುತ್ತದೆ. ಕೊನೆಗೆ ನಾಯಕ ಗರಗಸದ ಯಂತ್ರ ಹಿಡಿದು ಶಾರ್ಕ್ ಬಾಯೊಳಗೆ ಹಾರಿ, ಹೊಟ್ಟೆ ಸೀಳಿಕೊಂಡು ಹೊರಬರುತ್ತಾನೆ! ಪ್ರಸಾರದ ರಾತ್ರಿ ಜನ ಟ್ವಿಟರ್‌ನಲ್ಲಿ ಒಟ್ಟಿಗೇ ಕೂಗಾಡಿ ನಕ್ಕರು. ಆ ಸಂಭ್ರಮದಿಂದಲೇ 2018ರ ಹೊತ್ತಿಗೆ ಆರು ಭಾಗ ಬಂದವು. ಗ್ರಾಫಿಕ್ಸ್ ಕಳಪೆ, ನಿಜ. ಗೆಳೆಯರ ಗುಂಪಿದ್ದರೆ ಅದೇ ಮಜಾ. ಒಬ್ಬರೇ ಕೂತರೆ ಅರ್ಧಕ್ಕೇ ಬೇಜಾರಾಗುತ್ತದೆ.

2003ರ ಓಪನ್ ವಾಟರ್ ಹಾಗಲ್ಲ. ದೋಣಿಯವರು ತಲೆ ಎಣಿಸುವಾಗ ತಪ್ಪುತ್ತಾರೆ, ಡೈವಿಂಗ್‌ಗೆ ಇಳಿದ ಗಂಡ ಹೆಂಡತಿ ನಡುಸಮುದ್ರದಲ್ಲೇ ಉಳಿಯುತ್ತಾರೆ. 1998ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಘಟನೆಯೇ ಇದಕ್ಕೆ ಪ್ರೇರಣೆ. ನಿರ್ದೇಶಕ ಕ್ರಿಸ್ ಕೆಂಟಿಸ್ ಮತ್ತು ಅವರ ಹೆಂಡತಿ ಲಾರಾ ಲಾವ್ ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ, ನಿಜವಾದ ಶಾರ್ಕ್‌ಗಳ ನಡುವೆಯೇ ಚಿತ್ರೀಕರಿಸಿದರು. ನೀರಿನ ಮೇಲೆ ಶಾರ್ಕ್‌ನ ಬೆನ್ನಿನ ರೆಕ್ಕೆಯೊಂದು ಕಾಣುತ್ತದೆ, ಮುಳುಗುತ್ತದೆ. ಆಮೇಲೆ ಸುಮ್ನೆ ಅಲೆ. ಆ ಕಾಯುವಿಕೆಯಲ್ಲೇ ಎದೆ ಹೊಡೆದುಕೊಳ್ಳುತ್ತದೆ. ವಿಮರ್ಶಕರು ಮೆಚ್ಚಿದರು. ‘ಏನೂ ಆಗಲ್ವಲ್ಲ’ ಎಂದು ಸಿಟ್ಟಾದ ಪ್ರೇಕ್ಷಕರೂ ಜಾಸ್ತಿ ಇದ್ದರು. ಅವರ ಮಾತು ನಾನು ಒಪ್ಪಲ್ಲ. ನೀರಲ್ಲಿ ಸಿಕ್ಕಿಕೊಂಡ ಇಬ್ಬರೂ ‘ತಪ್ಪು ನಿನ್ನದು, ತಪ್ಪು ನಿನ್ನದು’ ಎಂದು ಜಗಳವಾಡುವ ದೃಶ್ಯ ನೋಡಿ. ಸಾವಿನ ಮುಂದೆಯೂ ರಜೆಯ ಯೋಜನೆಗೆ ಬೈದಾಡುತ್ತಾರೆ. ಎಷ್ಟು ನಿಜ ಅಲ್ವಾ?

ಶನಿವಾರ ರಾತ್ರಿ ಮನೆ ತುಂಬ ಜನರಿದ್ದರೆ ಮೊದಲನೆಯದನ್ನು ಹಾಕಿ. ಒಂದೇ ಸಿನಿಮಾ ನೋಡುವಷ್ಟು ಸಮಯವಿದ್ದರೆ ಎರಡನೆಯದು. ದೀಪ ಆರಿಸಿ, ಫೋನ್ ದೂರ ಇಟ್ಟು ನೋಡಿ.